ಅಂಟಿನ ಖರ್ಚು, ಶಾಖದ ಜಮಾ

ವರ್ಷಾಂತ್ಯದ ಲೆಕ್ಕಪರಿಶೋಧನೆಗೆ ಕುಳಿತಾಗ ನನ್ನ ಕಣ್ಣು ಮೊದಲು ಹರಿಯುವುದು ಮಾರಾಟದ ಮೊತ್ತದ ಮೇಲಲ್ಲ. ಖಾತರಿ ಅವಧಿಯ ದುರಸ್ತಿ ವೆಚ್ಚವೆಂಬ ಸಣ್ಣ ಶೀರ್ಷಿಕೆಯ ಮೇಲೆ. ಮಾರಾಟದ ಅಂಕಿಯು ಉದ್ಯಮಿಯ ಉತ್ಸಾಹವನ್ನು ಹೇಳಿದರೆ, ಈ ಶೀರ್ಷಿಕೆಯು ಅವನ ಸರಕಿನ ಸತ್ಯವನ್ನು ಹೇಳುತ್ತದೆ. ಮೂವತ್ತು ವರ್ಷಗಳ ವೃತ್ತಿಯಲ್ಲಿ ಇದನ್ನು ಕಲಿತಿದ್ದೇನೆಂದು ನಾನು ಭಾವಿಸಿದ್ದೆ. ಆದರೆ ಪಾಠ ಪೂರ್ತಿಯಾಗಿರಲಿಲ್ಲವೆಂಬುದು ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಅಂಟುಪಟ್ಟಿಯಿಂದ ತಿಳಿಯಿತು.

ನಾನು ಲೆಕ್ಕಪತ್ರ ನೋಡಿಕೊಳ್ಳುವ ಒಂದು ಕಿರು ಘಟಕವು ಎಲ್‌ಇಡಿ ಬೀದಿದೀಪಗಳನ್ನು ತಯಾರಿಸುತ್ತಿತ್ತು. ದೀಪದ ಬಿಲ್ಲೆಗೆ ಶಾಖವಾಹಕ ಗ್ರೀಸನ್ನು ತೆಳುವಾಗಿ ಸವರಿ, ನಾಲ್ಕು ತಿರುಪುಗಳಿಂದ ಅಲ್ಯೂಮಿನಿಯಂ ಕವಚಕ್ಕೆ ಬಿಗಿಯುವುದು ಅವರ ಪದ್ಧತಿ. ಗ್ರೀಸ್ ಸವರಲು ಒಬ್ಬ, ತಿರುಪು ಬಿಗಿಯಲು ಇನ್ನೊಬ್ಬ, ಹೀಗೆ ಕೂಲಿಯ ವೆಚ್ಚ ಏರಿತ್ತು. ಆಗ ಮಾರಾಟ ಪ್ರತಿನಿಧಿಯೊಬ್ಬರು ಎರಡೂ ಬದಿಗೆ ಅಂಟುಳ್ಳ ಪಟ್ಟಿಯೊಂದನ್ನು ತಂದು ತೋರಿಸಿದರು. ಗ್ರೀಸೂ ಬೇಡ, ತಿರುಪೂ ಬೇಡ, ಒತ್ತಿದರೆ ಸಾಕು. ಪ್ರತಿ ದೀಪಕ್ಕೆ ಉಳಿಯುವ ಹಣದ ಕೋಷ್ಟಕವನ್ನು ನಾನೇ ಸಿದ್ಧಪಡಿಸಿ, ಬದಲಾವಣೆಯು ಲಾಭಕರವೆಂದು ಲಿಖಿತ ಅಭಿಪ್ರಾಯವನ್ನೂ ಕೊಟ್ಟೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ದೀಪಗಳು ಮಂಕಾಗಿ ಹಿಂದಿರುಗತೊಡಗಿದವು. ಬಿಚ್ಚಿ ನೋಡಿದರೆ ಪಟ್ಟಿ ಎಲ್ಲಿಯೂ ಬಿಟ್ಟುಕೊಂಡಿರಲಿಲ್ಲ, ಬಲವಾಗಿಯೇ ಹಿಡಿದುಕೊಂಡಿತ್ತು. ಹಿಡಿದುಕೊಳ್ಳುವ ಕೆಲಸವನ್ನು ಚೆನ್ನಾಗಿ ಮಾಡಿ, ಶಾಖವನ್ನು ದಾಟಿಸುವ ಕೆಲಸವನ್ನು ಕೆಡಿಸಿತ್ತು. ಆ ವರ್ಷ ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಖಾತರಿ ಹೊಣೆಗಾಗಿ ತೆಗೆದಿರಿಸಬೇಕಾದ ಮೊತ್ತವು ಘಟಕದ ಲಾಭವನ್ನೆಲ್ಲ ನುಂಗಿತು. ಉಳಿತಾಯದ ಕೋಷ್ಟಕ ನನ್ನದು. ನಷ್ಟ ಮಾತ್ರ ಅವರದಾಯಿತು.

ಈಗ ಅದೇ ಕೆಲಸಕ್ಕೆ ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿಸೂಕ್ಷ್ಮ ನಳಿಗೆಗಳಿಂದ ಮಾಡಿದ ಹಾಳೆಗಳು ಮಾರುಕಟ್ಟೆಗೆ ಬಂದಿವೆ. ಅವುಗಳ ಪರಿಚಯಪತ್ರಗಳಲ್ಲಿ ಬೆರಗುಗೊಳಿಸುವ ಅಂಕಿಗಳಿರುತ್ತವೆ. ವಿಜ್ಞಾನಿಯಲ್ಲದ ನಾನು ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣ ಇಷ್ಟೇ: ಆ ಅಂಕಿಗಳನ್ನು ನಂಬಿ ಖರೀದಿಯ ಆದೇಶಕ್ಕೆ ಸಹಿ ಹಾಕುವವರು ನಮ್ಮ ಸದಸ್ಯರು, ಆ ಸಹಿಗೆ ಮೊದಲು ಲೆಕ್ಕ ಹಾಕುವವರು ನನ್ನಂತಹವರು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಖ ದಾಟಿಸುವ ಯಾವ ಪದಾರ್ಥವನ್ನೂ ಅದರ ಉಷ್ಣವಾಹಕತೆಯೆಂಬ ಒಂದೇ ಅಂಕಿಯಿಂದ ಕೊಳ್ಳಬಾರದು. ಇಡೀ ಜೋಡಣೆಯಲ್ಲಿ ಎಷ್ಟು ಡಿಗ್ರಿ ನಷ್ಟವಾಗುತ್ತದೆ, ಅದರಲ್ಲಿ ಅಂಟಿನ ಪಾಲು ಎಷ್ಟು ಎಂದು ಕೇಳಿ ಕೊಳ್ಳಬೇಕು.

ಜೋಡಣೆಯಲ್ಲಿ ಅಡಗಿರುವ ನಷ್ಟ

ಎರಡು ಲೋಹದ ಮುಖಗಳನ್ನು ಎಷ್ಟೇ ನುಣುಪಾಗಿ ಉಜ್ಜಿ ಒಂದರ ಮೇಲೊಂದು ಇಟ್ಟರೂ ಅವು ನಿಜವಾಗಿ ಮುಟ್ಟುವುದು ಕೆಲವೇ ಬಿಂದುಗಳಲ್ಲಿ. ಉಳಿದೆಡೆ ಗಾಳಿ ಇರುತ್ತದೆ. ಉಷ್ಣವಾಹಕತೆಯನ್ನು ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಮಾನದಲ್ಲಿ ತಾಮ್ರಕ್ಕೆ ಸುಮಾರು 400, ಶುದ್ಧ ಅಲ್ಯೂಮಿನಿಯಂಗೆ ಸುಮಾರು 237, ಗಾಳಿಗೆ ಕೇವಲ 0.026. ಈ ಗಾಳಿಯನ್ನು ಹೊರದೂಡಿ ಸಂದನ್ನು ತುಂಬುವುದಕ್ಕಾಗಿಯೇ ಗ್ರೀಸ್, ಸಿಲಿಕೋನ್ ಮೆತ್ತೆ, ಅಂಟುಪಟ್ಟಿ ಮೊದಲಾದವುಗಳನ್ನು ಬಳಸುತ್ತೇವೆ. ಇವನ್ನು ಉಷ್ಣ ಸಂಪರ್ಕ ಪದಾರ್ಥಗಳೆನ್ನುತ್ತಾರೆ.

ಲೆಕ್ಕ ಸುಲಭವಾಗಲೆಂದು ಒಂದು ಮಾದರಿಯನ್ನು ಇಟ್ಟುಕೊಳ್ಳೋಣ. ಒಂದು ಚದರ ಸೆಂ.ಮೀ. ವಿಸ್ತೀರ್ಣದ ಬಿಲ್ಲೆಯಿಂದ 100 ವ್ಯಾಟ್ ಶಾಖವು ಜೋಡಣೆಯನ್ನು ದಾಟಿ ಶಾಖಹರಣ ಫಲಕಕ್ಕೆ ಹೋಗಬೇಕು. ನಡುವೆ ಒಂದೇ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಗಾಳಿಯ ಪದರವು ಪೂರ್ತಿಯಾಗಿ ಹರಡಿದ್ದರೆ ಅದನ್ನು ದಾಟಲು 38 ಡಿಗ್ರಿ ವ್ಯಯವಾಗುತ್ತದೆ. ಅದೇ ಸಂದಿನಲ್ಲಿ 4 ಅಂಕಿಯ ಒಳ್ಳೆಯ ಗ್ರೀಸನ್ನು 50 ಮೈಕ್ರಾನ್ ದಪ್ಪಕ್ಕೆ ಹಚ್ಚಿದರೂ ವ್ಯಯ ಹನ್ನೆರಡೂವರೆ ಡಿಗ್ರಿಗೆ ಇಳಿಯುತ್ತದೆ. ಈ ಡಿಗ್ರಿಗಳು ನಮ್ಮ ಖಾತೆಯ ರೂಪಾಯಿಗಳಿದ್ದಂತೆ. ಒಂದೆಡೆ ಪೋಲಾದದ್ದನ್ನು ಇನ್ನೊಂದೆಡೆ ತುಂಬಿಕೊಡಲೇಬೇಕು. ದೊಡ್ಡ ಫಲಕ, ವೇಗದ ಫ್ಯಾನು ಅಥವಾ ಸರಕಿನ ಆಯಸ್ಸು, ಇವುಗಳಲ್ಲಿ ಒಂದರಿಂದ ವಸೂಲಿಯಾಗುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧವಾಗುತ್ತದೆಂಬ ರೂಢಿಯ ನಿಯಮವನ್ನು ವಿದ್ಯುನ್ಮಾನ ವಲಯದ ಸದಸ್ಯರೆಲ್ಲರೂ ಬಲ್ಲರು.

ನನ್ನ ತಪ್ಪಿನ ಲೆಕ್ಕವೂ ಇಷ್ಟೇ ಸರಳವಾಗಿತ್ತು. 0.6 ಅಂಕಿಯ ಅಂಟುಪಟ್ಟಿಯು ಕಾಲು ಮಿಲಿಮೀಟರ್ ದಪ್ಪವಿದ್ದರೆ, ಚದರ ಸೆಂ.ಮೀ.ಗೆ ಬರೀ 5 ವ್ಯಾಟ್ ಹರಿಯುವ ದೀಪದಲ್ಲಿಯೂ 21 ಡಿಗ್ರಿ ವ್ಯಯವಾಗುತ್ತದೆ. 2 ಅಂಕಿಯ ಸಾಧಾರಣ ಗ್ರೀಸ್ 50 ಮೈಕ್ರಾನ್ ಇದ್ದರೆ ವ್ಯಯ ಒಂದೂಕಾಲು ಡಿಗ್ರಿ. ಹೈಸ್ಕೂಲಿನ ಭಾಗಾಕಾರವೇ ಸಾಕಾಗಿದ್ದ ಈ ಲೆಕ್ಕವನ್ನು ಅಂದು ನಾನು ಮಾಡಲಿಲ್ಲ. ದಪ್ಪ ಎಷ್ಟೆಂದು ಕೇಳುವುದೂ ನನಗೆ ಹೊಳೆಯಲಿಲ್ಲ.

ಹೇಳುವ ಅಂಕಿ, ಹೇಳದ ಅಂಕಿ

ಜಪಾನಿನ ಎನ್‌ಇಸಿ ಸಂಸ್ಥೆಯ ಸುಮಿಯೊ ಇಜಿಮಾ ಅವರು 1991ರಲ್ಲಿ ಪ್ರಕಟಿಸಿದ ಲೇಖನದಿಂದ ಈ ನಳಿಗೆಗಳು ಜಗತ್ತಿನ ಗಮನ ಸೆಳೆದವು. 2001ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಒಂದು ನಳಿಗೆಯನ್ನು ಪ್ರತ್ಯೇಕಿಸಿ ಅದರ ಉಷ್ಣವಾಹಕತೆಯನ್ನು ಅಳೆದಾಗ 3000ಕ್ಕೂ ಮಿಗಿಲಾದ ಅಂಕಿ ದೊರೆಯಿತು. ತಾಮ್ರದ ಏಳೆಂಟು ಪಟ್ಟು! ನಳಿಗೆಗಳನ್ನು ಗದ್ದೆಯ ಪೈರಿನಂತೆ ನೆಟ್ಟಗೆ ಬೆಳೆಸಿ ಬಿಲ್ಲೆಗೂ ಫಲಕಕ್ಕೂ ನಡುವೆ ಇಟ್ಟರೆ ಶಾಖದ ಸಮಸ್ಯೆ ಮುಗಿಯಿತೆಂದು ಹಲವರು ಆಶಿಸಿದ್ದು ಸಹಜವೇ.

ಆದರೆ ಒಂಟಿ ನಳಿಗೆಯ ಗುಣವು ಗುಂಪಿಗೆ ಹಾಗೆಯೇ ಬರುವುದಿಲ್ಲ. ನಳಿಗೆಗಳನ್ನು ಅಡ್ಡಾದಿಡ್ಡಿಯಾಗಿ ರಾಶಿ ಹಾಕಿ ಒತ್ತಿದರೆ, ಆ ರಾಶಿಯು ಪ್ಲಾಸ್ಟಿಕ್‌ನಂತಹ ಉಷ್ಣನಿರೋಧಕ ಪದಾರ್ಥಗಳಿಗಿಂತಲೂ ಕಡಿಮೆ ಶಾಖವನ್ನು ದಾಟಿಸುತ್ತದೆಂದು 2009ರಲ್ಲಿ ರವಿ ಪ್ರಾಶರ್ ಮತ್ತು ಸಂಗಡಿಗರು ತೋರಿಸಿದರು. ನಳಿಗೆಯೊಳಗೆ ಶಾಖವು ಹೆದ್ದಾರಿಯಲ್ಲಿ ಓಡುವಂತೆ ಓಡುತ್ತದೆ. ಒಂದು ನಳಿಗೆಯಿಂದ ಇನ್ನೊಂದಕ್ಕೆ ಹಾರುವಾಗ ಮಾತ್ರ ಪ್ರತಿ ಬಾರಿಯೂ ಸುಂಕದ ಕಟ್ಟೆಯಲ್ಲಿ ನಿಲ್ಲಬೇಕಾಗುತ್ತದೆ.

ನೆಟ್ಟಗೆ ಬೆಳೆಸಿದಾಗ ನಡುದಾರಿಯ ಕಟ್ಟೆಗಳು ಇಲ್ಲವಾಗುತ್ತವೆ, ನಿಜ. ಆದರೆ ಹಾದಿಯ ಕೊನೆಯ ಕಟ್ಟೆ ಉಳಿಯುತ್ತದೆ. ಪೈರೆಲ್ಲ ಒಂದೇ ಎತ್ತರಕ್ಕೆ ಬೆಳೆಯದು. ಕುಡಿಗಳಲ್ಲಿ ಕೆಲವು ಮಾತ್ರ ಎದುರಿನ ಲೋಹವನ್ನು ಮುಟ್ಟುತ್ತವೆ. ಮುಟ್ಟಿದವುಗಳೂ ಬಹಳ ದುರ್ಬಲವಾದ ಸೆಳೆತದಿಂದ ಮುಟ್ಟುತ್ತವೆ. 2006ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇಂತಹ ಒಣ ಪೈರನ್ನು ಚದರ ಸೆಂ.ಮೀ.ಗೆ ಸುಮಾರು ನಾಲ್ಕೂವರೆ ಕಿಲೋ ಭಾರದ ಒತ್ತಡದಲ್ಲಿ ಅಳೆದರು. ನಮ್ಮ ಮಾದರಿಯ ಲೆಕ್ಕಕ್ಕೆ ಇಳಿಸಿದರೆ ವ್ಯಯವು ಸುಮಾರು 20 ಡಿಗ್ರಿ, ಅಂದರೆ ಒಳ್ಳೆಯ ಗ್ರೀಸಿಗಿಂತಲೂ ಹೆಚ್ಚು. ಒಟ್ಟಾರೆ 80 ಅಂಕಿಯುಳ್ಳ 50 ಮೈಕ್ರಾನ್ ದಪ್ಪದ ಹಾಳೆಯ ಒಡಲನ್ನು ದಾಟಲು ಸುಮಾರು 0.6 ಡಿಗ್ರಿ ಸಾಕು. ಉಳಿದ ಖರ್ಚೆಲ್ಲ ಹೊಸ್ತಿಲಲ್ಲಿ ಆಗುತ್ತದೆ. ಪರಿಚಯಪತ್ರವು ಹೇಳುವುದು ಒಡಲಿನ ಅಂಕಿಯನ್ನು. ನಾವು ಹಣ ತೆರುವುದು ಹೊಸ್ತಿಲಿಗೆ.

ಒಂದು ಮೈಕ್ರಾನ್ ಅಂಟಿನ ಬೆಲೆ

ಹಾಗಾದರೆ ಕುಡಿಗಳನ್ನು ಲೋಹಕ್ಕೆ ಅಂಟಿಸಿಬಿಡೋಣವೆಂಬ ಯೋಚನೆ ಯಾರಿಗಾದರೂ ಬರುತ್ತದೆ. ಅಂಟಿಸಿದರೆ ಎರಡು ಲಾಭಗಳುಂಟು. ಹಾಳೆ ಜಾರದೆ ನಿಲ್ಲುತ್ತದೆ, ತಿರುಪು-ಹಿಡಿಕೆಗಳ ವೆಚ್ಚ ತಪ್ಪುತ್ತದೆ. ಮುಟ್ಟದೆ ಉಳಿದ ಕುಡಿಗಳೂ ಅಂಟಿನ ಮೂಲಕ ಲೋಹವನ್ನು ಸೇರುತ್ತವೆ. ಸ್ವಲ್ಪ ಅಂಟು ಶಾಖದ ಹರಿವನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಇಲ್ಲಿಯವರೆಗೆ ಅಂಟು ಮತ್ತು ಶಾಖ ಮಿತ್ರರು.

ಅಲ್ಲಿಂದಾಚೆಗೆ ಶತ್ರುಗಳು. ಸಾಮಾನ್ಯ ಅಂಟಿನ ರಾಳಕ್ಕೆ ಉಷ್ಣವಾಹಕತೆಯ ಅಂಕಿ ಸುಮಾರು 0.2. ಕುಡಿಗಳಿಗೂ ಲೋಹಕ್ಕೂ ನಡುವೆ ಈ ರಾಳವು ಒಂದು ಮೈಕ್ರಾನ್ ದಪ್ಪ ಉಳಿದರೆ ನಮ್ಮ ಮಾದರಿಯಲ್ಲಿ 5 ಡಿಗ್ರಿ ಖರ್ಚು. ಹಾಳೆಗೆ ಎರಡು ಮುಖಗಳಿರುವುದರಿಂದ 10 ಡಿಗ್ರಿ. ಐದು ಮೈಕ್ರಾನ್ ಉಳಿದರೆ ಎರಡೂ ಬದಿ ಸೇರಿ 50 ಡಿಗ್ರಿ. ಮೈಕ್ರಾನಿನ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಎರಡೂ ಬದಿಗೆ ಒಂದೇ ಡಿಗ್ರಿ. ಒಡಲಿನಲ್ಲಿ ಅರ್ಧ ಡಿಗ್ರಿ ಉಳಿಸಲು ದುಬಾರಿ ಹಾಳೆ ಕೊಂಡು, ಅಂಟಿನಲ್ಲಿ ಹತ್ತಾರು ಡಿಗ್ರಿ ಚೆಲ್ಲುವುದು ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಗೆ ಒಪ್ಪುವ ವ್ಯವಹಾರ.

ಅಂಟನ್ನು ತೀರ ತೆಳುವಾಗಿಸಿದರೆ ಹಿಡಿತ ಸಡಿಲವಾಗುವ ಭಯ. ದಪ್ಪವಾಗಿಸಿದರೆ ಅದು ನಳಿಗೆಗಳ ನಡುವೆ ಇಳಿದು, ಮೆತ್ತಗೆ ಬಾಗಬೇಕಾದ ಪೈರನ್ನು ಗಟ್ಟಿಯಾದ ಹಲಗೆಯನ್ನಾಗಿಸುವ ಭಯ. ಈ ಎರಡನೆಯ ಭಯವೂ ಸಣ್ಣದಲ್ಲ. ಬಿಲ್ಲೆಯ ಸಿಲಿಕಾನ್ ಶಾಖಕ್ಕೆ ಹಿಗ್ಗುವುದು ಅಲ್ಪ. ಅಲ್ಯೂಮಿನಿಯಂ ಹಿಗ್ಗುವುದು ಅದರ ಎಂಟು ಪಟ್ಟಿಗೂ ಹೆಚ್ಚು. 20 ಮಿ.ಮೀ. ಉದ್ದದ ಜೋಡಣೆಯು 100 ಡಿಗ್ರಿ ಏರಿಳಿದರೆ ಇವೆರಡರ ಹಿಗ್ಗುವಿಕೆಯಲ್ಲಿ ಸುಮಾರು 40 ಮೈಕ್ರಾನ್ ವ್ಯತ್ಯಾಸ ಬೀಳುತ್ತದೆ. ದಿನವೂ ಹೀಗೆ ಎಳೆದಾಡಿದರೆ ಗ್ರೀಸು ಅಂಚಿಗೆ ಹರಿದುಹೋಗುತ್ತದೆ, ಗಟ್ಟಿ ಅಂಟು ಬಿರುಕು ಬಿಡುತ್ತದೆ. ಬಾಗಿ ಏಳಬಲ್ಲ ನಳಿಗೆಯ ಪೈರಿಗೆ ಈ ಎಳೆದಾಟವನ್ನು ತಾಳಿಕೊಳ್ಳುವ ಶಕ್ತಿಯಿದೆ. ಆ ಶಕ್ತಿಯೇ ಅದರ ನಿಜವಾದ ಬಂಡವಾಳ. ಅತಿಯಾದ ಅಂಟು ಆ ಬಂಡವಾಳವನ್ನೇ ಕರಗಿಸುತ್ತದೆ.

ಸಂಶೋಧಕರು ಕಂಡುಕೊಂಡ ದಾರಿಗಳು

ಈ ತೂಕವನ್ನು ಸರಿದೂಗಿಸಲು ಕಳೆದ ಎರಡು ದಶಕಗಳಲ್ಲಿ ಹಲವು ದಾರಿಗಳನ್ನು ಪರೀಕ್ಷಿಸಲಾಗಿದೆ. ಪರ್ಡ್ಯೂ ವಿಶ್ವವಿದ್ಯಾಲಯದವರು ಶಾಖಕ್ಕೆ ಕರಗುವ, ಮೇಣದಂತಹ ಪದಾರ್ಥವನ್ನು ಪೈರಿನೊಂದಿಗೆ ಸೇರಿಸಿದಾಗ, 20 ಡಿಗ್ರಿಯಿದ್ದ ಖರ್ಚು ಸುಮಾರು 5 ಡಿಗ್ರಿಗೆ ಇಳಿಯಿತು. ಇದು ಕಡಿಮೆ ಬಂಡವಾಳದ ದಾರಿ. ಆದರೆ ಮೇಣವು ಹಿಡಿದು ನಿಲ್ಲಿಸುವುದಿಲ್ಲ, ಒತ್ತಡ ಬೇಕೇ ಬೇಕು.

2007ರಲ್ಲಿ ನಾಸಾದ ಏಮ್ಸ್ ಕೇಂದ್ರದ ಎಂ. ಮೆಯ್ಯಪ್ಪನ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರುಣ್ ಮಜುಮ್ದಾರ್ ಮತ್ತಿತರರು ಕುಡಿಗಳನ್ನು ಇಂಡಿಯಂ ಲೋಹದ ತೆಳುಪದರದಿಂದ ಬೆಸೆದರು. ಬರಿಯ ಸೆಳೆತದಿಂದ ಮುಟ್ಟುವ ಕುಡಿಗಳ ಹೊಸ್ತಿಲಲ್ಲಿ, ನಮ್ಮ ಮಾದರಿಯ ಲೆಕ್ಕದಲ್ಲಿ, ಸುಮಾರು 10 ಡಿಗ್ರಿ ಖರ್ಚಾಗುತ್ತಿದ್ದುದು ಬೆಸುಗೆಯ ನಂತರ ಸುಮಾರು ಒಂದು ಡಿಗ್ರಿಗೆ ಇಳಿಯಿತು. ಇಂಡಿಯಂ ದುಬಾರಿ ಲೋಹ; ಸುಮಾರು 157 ಡಿಗ್ರಿಯಲ್ಲಿ ಕರಗಿಬಿಡುತ್ತದೆ; ಬೆಸೆದದ್ದನ್ನು ದುರಸ್ತಿಗಾಗಿ ಬಿಚ್ಚುವುದೂ ಸುಲಭವಲ್ಲ. 2014ರಲ್ಲಿ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಇನ್ನೊಂದು ಮಾರ್ಗವನ್ನು ಪ್ರಕಟಿಸಿದರು. ಪದರವಾಗಿ ಹಚ್ಚುವ ಅಂಟಿನ ಬದಲು, ಒಂದು ತುದಿಯಲ್ಲಿ ನಳಿಗೆಯನ್ನೂ ಇನ್ನೊಂದು ತುದಿಯಲ್ಲಿ ಲೋಹವನ್ನೂ ರಾಸಾಯನಿಕವಾಗಿ ಹಿಡಿಯುವ ಗಿಡ್ಡನೆಯ ಅಣುಗಳನ್ನು ಸೇತುವೆಯಾಗಿಸಿದರು. ಹೊಸ್ತಿಲಿನ ತಡೆಯು ಆರನೇ ಒಂದು ಭಾಗಕ್ಕೆ ಇಳಿಯಿತು. ಹಿಡಿತವೂ ಬಂತು, ದಪ್ಪವೂ ಬೆಳೆಯಲಿಲ್ಲ. ಅಂಟಿನ ಪ್ರಮಾಣ ಮುಖ್ಯವಲ್ಲ, ಅದು ಎಲ್ಲಿ ಕುಳಿತಿದೆಯೆಂಬುದು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಮ್ಮ ಮನೆಯ ಗೋಡೆಯ ಮೇಲಿನ ಹಲ್ಲಿಯೂ ಈ ವಿದ್ಯೆಯಲ್ಲಿ ಗುರುವೇ. ಅದರ ಪಾದದಲ್ಲಿ ಗೋಂದಿಲ್ಲ; ಅತಿ ಸೂಕ್ಷ್ಮವಾದ ರೋಮಗಳಿವೆ. ಅವು ಗೋಡೆಯ ಉಬ್ಬುತಗ್ಗುಗಳಿಗೆ ಹೊಂದಿಕೊಂಡು, ಅಣುಗಳ ನಡುವಿನ ಸೆಳೆತದಿಂದಲೇ ಅದರ ಭಾರವನ್ನು ಹೊರುತ್ತವೆ. ಇದೇ ತತ್ತ್ವವನ್ನು ಅನುಸರಿಸಿ, ತುದಿ ಬಾಗಿದ ನಳಿಗೆಗಳ ಪೈರಿನಿಂದ ಚದರ ಸೆಂ.ಮೀ.ಗೆ ಸುಮಾರು 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರವನ್ನು ಜಾರಗೊಡದ ಒಣ ಅಂಟನ್ನು 2008ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಮೇಲಕ್ಕೆತ್ತಿದರೆ ಮಾತ್ರ ಅದು ಸುಲಭವಾಗಿ ಬಿಟ್ಟುಕೊಡುತ್ತದೆ. ದುರಸ್ತಿಯ ದೃಷ್ಟಿಯಿಂದ ಇದು ಒಂದು ವರವೇ ಸರಿ. ಆದರೆ ಒಳ್ಳೆಯ ಹಿಡಿತ ಕಂಡಿತೆಂದ ಮಾತ್ರಕ್ಕೆ ಶಾಖವೂ ಅಷ್ಟೇ ಚೆನ್ನಾಗಿ ದಾಟುತ್ತದೆಂದು ತಿಳಿಯಬಾರದು. ಎರಡನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು.

ವ್ಯಾಪಾರದ ಮಟ್ಟದಲ್ಲಿ ಎರಡು ಹೆಸರುಗಳನ್ನು ಉದಾಹರಿಸಬಹುದು. ಜಪಾನಿನ ಫುಜಿತ್ಸು ಪ್ರಯೋಗಾಲಯವು 2017ರಲ್ಲಿ 80 ಅಂಕಿಯ ನಳಿಗೆ ಹಾಳೆಯನ್ನೂ, 2020ರ ಮಾರ್ಚ್‌ನಲ್ಲಿ 100 ಅಂಕಿಯವರೆಗಿನ ಅಂಟುಹಾಳೆಯನ್ನೂ ಪ್ರಕಟಿಸಿತು. ಅಂತಹ ಸಂಸ್ಥೆಯೂ ಬರಿಯ ಹಾಳೆಯನ್ನು ಪ್ರಕಟಿಸಿ ಎರಡು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆಯೇ ಅಂಟುಹಾಳೆಯನ್ನು ಮುಂದಿಟ್ಟಿತೆಂಬುದನ್ನು ನಾವು ಗಮನಿಸಬೇಕು. ಅಮೆರಿಕದ ಜಾರ್ಜಿಯಾ ಟೆಕ್‌ನ ಪ್ರಾಧ್ಯಾಪಕ ಬರಾಟುಂಡೆ ಕೋಲಾ ಸ್ಥಾಪಿಸಿದ ಕಾರ್ಬೈಸ್ ಸಂಸ್ಥೆಯು ಅಲ್ಯೂಮಿನಿಯಂ ಹಾಳೆಯ ಎರಡೂ ಮುಖಗಳಲ್ಲಿ ನಳಿಗೆಗಳನ್ನು ಬೆಳೆಸಿ ಮಾರುತ್ತದೆ. ಅವು ಉಪಗ್ರಹಗಳಲ್ಲಿಯೂ ಬಳಕೆಯಾಗಿವೆ. ಉಪಗ್ರಹಕ್ಕೆ ಮೆಕ್ಯಾನಿಕ್ ಹೋಗಲಾರ, ಅಲ್ಲಿ ಗ್ರೀಸು ಹರಿದರೆ ಸವರುವವರಿಲ್ಲ. ಅಂತಹ ಕಡೆ ಹೆಚ್ಚಿನ ಬೆಲೆಗೆ ಅರ್ಥವಿದೆ.

ಪರಿಚಯಪತ್ರದಲ್ಲಿ ಕಾಣದ ಎರಡು ಬಾಬ್ತುಗಳು

ಮೊದಲನೆಯದು ವಿದ್ಯುತ್ತು. ಈ ನಳಿಗೆಗಳು ಶಾಖದಂತೆ ವಿದ್ಯುತ್ತನ್ನೂ ದಾಟಿಸುತ್ತವೆ. ನಮ್ಮ ಇನ್ವರ್ಟರ್ ಹಾಗೂ ವೆಲ್ಡಿಂಗ್ ಯಂತ್ರ ತಯಾರಕರು ಅಭ್ರಕ ಅಥವಾ ಸಿಲಿಕೋನ್ ಮೆತ್ತೆಯನ್ನು ಶಾಖಕ್ಕಾಗಿ ಮಾತ್ರವಲ್ಲ, ಟ್ರಾನ್ಸಿಸ್ಟರಿನ ಲೋಹದ ಬೆನ್ನು ಫಲಕಕ್ಕೆ ತಗುಲದಿರಲೆಂದೂ ಬಳಸುತ್ತಾರೆ. ಅದರ ಜಾಗದಲ್ಲಿ ನಳಿಗೆಯ ಹಾಳೆಯನ್ನು ಹಾಗೆಯೇ ಇಟ್ಟರೆ ಶಾರ್ಟ್ ಸರ್ಕ್ಯೂಟ್ ಆಗುವುದು ನಿಶ್ಚಿತ. ಪ್ರತ್ಯೇಕ ವಿದ್ಯುನ್ನಿರೋಧಕ ಪದರವೊಂದನ್ನು ಸೇರಿಸಬೇಕು. ಆಗ ಇನ್ನೊಂದು ಹೊಸ್ತಿಲು, ಇನ್ನಷ್ಟು ಡಿಗ್ರಿ.

ಎರಡನೆಯದು ಕಾರ್ಮಿಕರ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಒಂದು ಬಗೆಯ ಬಹುಪದರ ನಳಿಗೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾಗಿರಬಹುದಾದ ಗುಂಪಿಗೆ ಸೇರಿಸಿತು. ಎಲ್ಲ ನಳಿಗೆಗಳಿಗೂ ಈ ಮಾತು ಅನ್ವಯಿಸದಿದ್ದರೂ, ಹಾಳೆಯನ್ನು ಕಾರ್ಖಾನೆಯಲ್ಲಿಯೇ ಕತ್ತರಿಸುವವರು ಧೂಳು ಏಳದಂತೆ ನೋಡಿಕೊಳ್ಳಬೇಕು. ಅಳತೆಗೆ ಕತ್ತರಿಸಿದ ಸರಕನ್ನೇ ತರಿಸುವುದು ಮೇಲು. ಬಿಡಿ ಪುಡಿಯನ್ನು ಅಗ್ಗವೆಂದು ತಂದು ಅಂಟಿಗೆ ಬೆರೆಸುವ ಸಾಹಸ ಬೇಡ. ರಾಶಿ ನಳಿಗೆಯ ಗತಿಯನ್ನು ಮೇಲೆಯೇ ನೋಡಿದ್ದೇವೆ.

ಖರೀದಿಗೆ ಮುನ್ನ

ಸದಸ್ಯರು ಮಾಡಬೇಕಾದ ಮೊದಲ ಕೆಲಸ, ತಮ್ಮ ಸರಕಿನಲ್ಲಿ ಚದರ ಸೆಂ.ಮೀ.ಗೆ ಎಷ್ಟು ವ್ಯಾಟ್ ಹರಿಯುತ್ತದೆಂದು ಕಂಡುಕೊಳ್ಳುವುದು. 100 ವ್ಯಾಟ್ ಹರಿಯುವಲ್ಲಿ 10 ಡಿಗ್ರಿ ಉಳಿಸುವ ಹಾಳೆ, 5 ವ್ಯಾಟ್ ಹರಿಯುವಲ್ಲಿ ಉಳಿಸುವುದು ಅರ್ಧ ಡಿಗ್ರಿ. ಸಾಧಾರಣ ದೀಪಗಳು, ಸಣ್ಣ ಅಡಾಪ್ಟರುಗಳು, ನಿಯಂತ್ರಣ ಫಲಕಗಳು ಇವುಗಳ ತಯಾರಕರಿಗೆ ನ್ಯಾನೊ ಹಾಳೆ ಇಂದು ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಅವರು ದಪ್ಪ ಅಂಟುಪಟ್ಟಿಯನ್ನು ಬಿಟ್ಟು, ತೆಳು ಗ್ರೀಸು ಮತ್ತು ಸರಿಯಾಗಿ ಬಿಗಿದ ತಿರುಪಿಗೆ ಮರಳಿದರೆ ಬಹುಪಾಲು ಲಾಭ ಅಲ್ಲಿಯೇ ಸಿಗುತ್ತದೆ. ವಿದ್ಯುತ್ ವಾಹನದ ಚಾರ್ಜರು, ಹೆಚ್ಚಿನ ಸಾಮರ್ಥ್ಯದ ಇನ್ವರ್ಟರು, ದೂರಸಂಪರ್ಕ ಉಪಕರಣ, ಲೇಸರ್ ಡಯೋಡು ಇಂತಹವುಗಳನ್ನು ಮಾಡುವವರು ಮಾತ್ರ ಮುಂದಿನ ಪ್ರಶ್ನೆಗಳಿಗೆ ಹೋಗಲಿ.

ಎರಡನೆಯದಾಗಿ, ಮಾರಾಟಗಾರರಿಂದ ನಾಲ್ಕು ಉತ್ತರಗಳನ್ನು ಬರಹದಲ್ಲಿ ಪಡೆಯಬೇಕು. ಪದಾರ್ಥದ ವಾಹಕತೆಯಲ್ಲ, ಎರಡೂ ಹೊಸ್ತಿಲು ಸೇರಿದಂತೆ ಜೋಡಣೆಯ ಒಟ್ಟು ಉಷ್ಣರೋಧ ಎಷ್ಟು? ಎಷ್ಟು ಒತ್ತಡದಲ್ಲಿ ಅಳೆದದ್ದು? ಸರಕಿನ ಬಳಕೆಯ ಉಷ್ಣತೆಯಲ್ಲಿ ಅಂಟುಬಲ ಎಷ್ಟು? ನೂರಾರು ಬಾರಿ ಕಾಯಿಸಿ ತಣಿಸಿದ ಮೇಲೆ ಈ ಎರಡೂ ಅಂಕಿಗಳು ಎಷ್ಟು ಉಳಿದಿವೆ? ಜೋಡಣೆಯ ಉಷ್ಣರೋಧವನ್ನು ಅಳೆಯಲು ಎಎಸ್‌ಟಿಎಂ ಡಿ 5470 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರದ ವರದಿಯನ್ನು ಕೇಳಬಹುದು. ಅಂಟುಬಲ ಮತ್ತು ಉಷ್ಣರೋಧ ಎರಡೂ ಒಂದೇ ನಮೂನೆಯಿಂದ ಬಂದ ಅಂಕಿಗಳಾಗಿರಬೇಕೆಂಬುದು ಬಹಳ ಮುಖ್ಯ. ದಪ್ಪ ಅಂಟಿನ ನಮೂನೆಯಿಂದ ಹಿಡಿತದ ಅಂಕಿಯನ್ನೂ, ಅಂಟಿಲ್ಲದ ನಮೂನೆಯಿಂದ ಶಾಖದ ಅಂಕಿಯನ್ನೂ ಎತ್ತಿಕೊಂಡು ಒಂದೇ ಹಾಳೆಯಲ್ಲಿ ಮುದ್ರಿಸಿದರೆ, ಅದು ಇಬ್ಬರು ಪಾಲುದಾರರ ಲಾಭವನ್ನು ಕೂಡಿಸಿ ನಷ್ಟವನ್ನು ಮರೆಮಾಡಿದ ಆಢಾವೆಯಂತೆ.

ಮೂರನೆಯದಾಗಿ, ಹಿಡಿಯುವ ಕೆಲಸವನ್ನೂ ಶಾಖದ ಕೆಲಸವನ್ನೂ ಬೇರ್ಪಡಿಸಲು ಸಾಧ್ಯವೇ ಎಂದು ವಿನ್ಯಾಸದ ಹಂತದಲ್ಲಿಯೇ ಯೋಚಿಸಬೇಕು. ತಿರುಪು ಅಥವಾ ಸ್ಪ್ರಿಂಗ್ ಹಿಡಿಕೆಗೆ ಜಾಗವಿದ್ದರೆ ಹಿಡಿತವನ್ನು ಅವುಗಳಿಗೆ ವಹಿಸಿ, ಹಾಳೆಯನ್ನು ಅಂಟಿಲ್ಲದೆ ಬಳಸುವುದು ಉತ್ತಮ. ಜಾಗವಿಲ್ಲದಿದ್ದರೆ ಅಂಚಿನಲ್ಲಿ ಅಂಟು, ನಡುವೆ ಶಾಖದ ದಾರಿ ಎಂದು ಹಂಚಿಕೊಡಬಹುದು. ಇದೂ ಆಗದ ಕಡೆಯಷ್ಟೇ ಅಂಟುಹಾಳೆಗೆ ಹೆಚ್ಚಿನ ಹಣ ತೆರಬೇಕು.

ನಾಲ್ಕನೆಯದು ನನ್ನ ಕ್ಷೇತ್ರಕ್ಕೆ ಸೇರಿದ್ದು. ಉಳಿತಾಯವನ್ನು ಖಾತರಿ ವೆಚ್ಚದ ಎದುರಿಗೆ ಇಟ್ಟು ನೋಡಬೇಕು. ಕಾಲ್ಪನಿಕ ಅಂಕಿಗಳಲ್ಲಿ ಹೇಳುವುದಾದರೆ, ಪ್ರತಿ ದೀಪಕ್ಕೆ 2 ರೂಪಾಯಿ ಉಳಿಸುವ ಬದಲಾವಣೆಯಿಂದ, ಬದಲಿಸಿಕೊಡಲು 1500 ರೂಪಾಯಿ ತಗಲುವ ದೀಪವೊಂದು ಪ್ರತಿ 750ರಲ್ಲಿ ಹೆಚ್ಚಾಗಿ ಹಿಂದಿರುಗಿದರೂ ಉಳಿತಾಯ ಶೂನ್ಯ. ಇದೇ ತಕ್ಕಡಿ ಇನ್ನೊಂದು ಬದಿಗೂ ತೂಗುತ್ತದೆ. ಪ್ರತಿ ಚಾರ್ಜರಿಗೆ 200 ರೂಪಾಯಿ ಹೆಚ್ಚು ತಗಲುವ ಹಾಳೆಯು, 20,000 ರೂಪಾಯಿ ಬದಲಾವಣೆ ವೆಚ್ಚದ ಚಾರ್ಜರುಗಳಲ್ಲಿ ನೂರಕ್ಕೆ ಒಂದನ್ನು ಉಳಿಸಿದರೆ ಸಮ, ಎರಡನ್ನು ಉಳಿಸಿದರೆ ಲಾಭ. ಅಂದು ನಾನು ಮಾಡಿದ ಕೋಷ್ಟಕದಲ್ಲಿ ಒಂದು ಅಂಕಣ ಮಾತ್ರ ಇತ್ತು, ಇರಬೇಕಾದದ್ದು ಎರಡು.

ವಾಣಿಜ್ಯ ಸಂಸ್ಥೆಯ ಹೊಣೆ

ಇಂತಹ ಪರೀಕ್ಷೆಗಳು ದೊಡ್ಡ ಕಂಪನಿಗಳಿಗೆ ಸರಿ, ಹತ್ತು ಜನರ ಘಟಕಕ್ಕೆ ಸಾಧ್ಯವೇ ಎಂದು ಕೆಲವು ಮಿತ್ರರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ದೊಡ್ಡ ಕಂಪನಿಯು ಒಂದು ತಪ್ಪು ಖರೀದಿಯನ್ನು ತಾಳಿಕೊಳ್ಳಬಲ್ಲದು. ಕಿರು ಘಟಕ ತಾಳಿಕೊಳ್ಳಲಾರದು. ಪರೀಕ್ಷೆಯ ಅಗತ್ಯವು ಚಿಕ್ಕವರಿಗೇ ಹೆಚ್ಚು, ಅನುಕೂಲ ಮಾತ್ರ ಕಡಿಮೆ. ಈ ಅಂತರವನ್ನು ತುಂಬುವುದಕ್ಕಾಗಿಯೇ ಸಂಘಟನೆ ಇರುವುದು.

ಈ ವಿಷಯದಲ್ಲಿ ಬೆಂಗಳೂರು ಬಡವಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ಬಳಗವು ನಳಿಗೆಗಳನ್ನು ತಯಾರಿಸುವ ವಿಧಾನಗಳ ಮೇಲೆ ವರ್ಷಗಳ ಕಾಲ ದುಡಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಜಯ್ ಸೂದ್ ಮತ್ತು ಸಂಗಡಿಗರು ನಳಿಗೆಗಳ ಮೇಲೆ ದ್ರವ ಹರಿದಾಗ ವಿದ್ಯುತ್ ಉಂಟಾಗುವುದನ್ನು 2003ರಲ್ಲಿಯೇ ಪ್ರಕಟಿಸಿದರು. ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಿದೆ. ಪೀಣ್ಯದಲ್ಲಿ ಕೇಂದ್ರ ಸರ್ಕಾರದ ವಿದ್ಯುನ್ಮಾನ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. ಇವರ ಬಾಗಿಲಿಗೂ ನಮ್ಮ ಸದಸ್ಯರ ಕಾರ್ಖಾನೆಗೂ ನಡುವಿನ ದೂರ ಕೆಲವೇ ಕಿಲೋಮೀಟರು. ಆದರೂ ಶಾಖದಂತೆಯೇ ಜ್ಞಾನವೂ ಹೊಸ್ತಿಲಲ್ಲಿ ನಿಂತುಬಿಟ್ಟಿದೆ.

ಆದ್ದರಿಂದ ನಮ್ಮ ಸಂಸ್ಥೆಯು ಮೂರು ಕಾರ್ಯಗಳನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಜೋಡಣೆಯ ಉಷ್ಣರೋಧ ಮತ್ತು ಅಂಟುಬಲವನ್ನು ಒಂದೇ ಸೂರಿನಡಿ ಅಳೆದು ಕೊಡುವ ಸಾಮೂಹಿಕ ಸೌಲಭ್ಯಕ್ಕಾಗಿ, ಕಿರು ಉದ್ಯಮ ಗುಚ್ಛಗಳ ಅಭಿವೃದ್ಧಿ ಯೋಜನೆಯಡಿ ಪ್ರಸ್ತಾವವೊಂದನ್ನು ಸಿದ್ಧಪಡಿಸುವುದು. ಅದು ಬರುವವರೆಗೆ ಸದಸ್ಯರ ನಮೂನೆಗಳನ್ನು ಒಟ್ಟುಗೂಡಿಸಿ, ಇರುವ ಪ್ರಯೋಗಾಲಯಗಳೊಂದಿಗೆ ಸಮೂಹ ದರದಲ್ಲಿ ಪರೀಕ್ಷೆಗೆ ಒಪ್ಪಂದ ಮಾಡಿಕೊಳ್ಳುವುದು. ಮೂರನೆಯದಾಗಿ, ಖರೀದಿ ಆದೇಶದಲ್ಲಿ ಸೇರಿಸಬಹುದಾದ ನಾಲ್ಕು ಸಾಲಿನ ಮಾದರಿ ಷರತ್ತೊಂದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚುಹಾಕಿ ಹಂಚುವುದು. ಮೂರನೆಯದಕ್ಕೆ ಕಾಗದದ ಖರ್ಚಲ್ಲದೆ ಬೇರೇನೂ ಇಲ್ಲ. ಅದರ ಕರಡನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಹೊಸ ಪದಾರ್ಥವನ್ನು ಕಂಡು ಹೆದರಬೇಕಿಲ್ಲ, ಮರುಳಾಗಬೇಕಾಗಿಯೂ ಇಲ್ಲ. ಕಾರ್ಬನ್ ನಳಿಗೆಯ ಹಾಳೆಗಳು ಮುಂದೊಂದು ದಿನ ಗ್ರೀಸಿನಷ್ಟೇ ಸಾಮಾನ್ಯವಾಗಬಹುದು. ಅಂದೂ ಪ್ರಶ್ನೆ ಇದೇ ಆಗಿರುತ್ತದೆ: ಹಿಡಿತಕ್ಕಾಗಿ ಎಷ್ಟು ಶಾಖವನ್ನು ಬಿಟ್ಟುಕೊಟ್ಟೆವು? ನಾನು ಲೆಕ್ಕ ನೋಡುವ ಆ ಘಟಕವು ಈಗ ಮತ್ತೆ ತಿರುಪಿಗೆ ಮರಳಿದೆ. ಗ್ರೀಸು ಸವರುವವನ ಕೂಲಿಯನ್ನು ಪ್ರತಿ ತಿಂಗಳೂ ಪುಸ್ತಕಕ್ಕೆ ಏರಿಸುವಾಗ ಅದನ್ನು ನಾನು ಖರ್ಚೆಂದು ನೋಡುವುದಿಲ್ಲ. ಅಂದು ನನ್ನ ಕೋಷ್ಟಕದಿಂದ ಬಿಟ್ಟುಹೋಗಿದ್ದ ಎರಡನೆಯ ಅಂಕಣ ಅದು.